ಪಣಂಬೂರಿನಿಂದ ಕೋಡಿ ಬೆಂಗ್ರೆಗೆ, ಸುನಾಮಿ ಎಚ್ಚರಿಕೆಯ ಜಾಡು ಹಿಡಿದು

ಪಣಂಬೂರು ಕಡಲತೀರದಲ್ಲಿ ನಿಂತು ತೆಂಕಿಗೆ ನೋಡಿದರೆ ನವಮಂಗಳೂರು ಬಂದರಿನ ಕಲ್ಲಿನ ತಡೆಗೋಡೆ ಕಾಣುತ್ತದೆ. ಚರುಮುರಿ ಗಾಡಿಗಳ ಈ ಮಗ್ಗುಲಿಗೆ ಕಾಣದ್ದು ಒಳಗಿರುವ ಉಬ್ಬರ ಮಾಪಕ, ಕಡಲಿನ ನೀರಿನ ಮಟ್ಟ ಅಳೆಯುವ ಯಂತ್ರ. ಪಾಸ್ ಇಲ್ಲದೆ ಬಂದರಿನೊಳಗೆ ಬಿಡುವುದಿಲ್ಲ. ಬಿಟ್ಟರೂ ಫೋಟೊ ತೆಗೆಯುವಂಥ ವಸ್ತುವಲ್ಲ ಅದು.

ಅದರ ಕೆಲಸ ಮಾತ್ರ ಚೆಂದ. ಗಾಳಿ ಎಬ್ಬಿಸುವ ಅಲೆ ಕೆಲವೇ ಸೆಕೆಂಡುಗಳಿಗೊಮ್ಮೆ ಬರುತ್ತದೆ. ಉಬ್ಬರ ಬರುವುದು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ. ಸುನಾಮಿಯ ಅಲೆಗಳ ನಡುವಿನ ಅಂತರ ಇವೆರಡರ ಮಧ್ಯದ್ದು, ಹತ್ತು ನಿಮಿಷದಿಂದ ಒಂದು ಗಂಟೆ. ನೀರಿನ ಮಟ್ಟವನ್ನು ನಿಮಿಷದ ಸರಾಸರಿಗೆ ಇಳಿಸಿದರೆ ಗಾಳಿಯಲೆ ಅಳಿಸಿಹೋಗುತ್ತದೆ. ಪಂಚಾಂಗದಂತೆ ಮೊದಲೇ ಲೆಕ್ಕ ಹಾಕಿಟ್ಟ ಉಬ್ಬರವನ್ನೂ ಕಳೆದರೆ ಉಳಿದದ್ದರಲ್ಲಿ ಸುನಾಮಿಯನ್ನು ಹುಡುಕಬಹುದು. ಕೊಳವೆಯೊಳಗೆ ತೇಲು ಇಟ್ಟ ಹಳೆಯ ಮಾದರಿಯಲ್ಲಿ ತಳದ ತೂತಿಗೆ ಚಿಪ್ಪು, ಹೂಳು ಕಟ್ಟಿಕೊಳ್ಳುತ್ತದೆ. ಆಗ ಒಳಗಿನ ನೀರು ನಿಧಾನಕ್ಕೆ ಏರುವುದರಿಂದ ಅಲೆ ಚಿಕ್ಕದಾಗಿಯೂ ತಡವಾಗಿಯೂ ದಾಖಲಾಗುತ್ತದೆ. ಮೇಲಿನಿಂದ ರೇಡಿಯೊ ಅಲೆ ಬಿಟ್ಟು ನೀರಿನ ಮಟ್ಟ ಅಳೆಯುವ ರಾಡಾರ್ ಮಾಪಕಕ್ಕೆ ಆ ಕಾಟವಿಲ್ಲ. ಆದರೆ ಅದರ ಕೆಳಗೆ ಯಾರಾದರೂ ದೋಣಿ ಕಟ್ಟಿದರೆ ಅದು ಅಳೆಯುವುದು ಕಡಲನ್ನಲ್ಲ, ದೋಣಿಯ ಹಲಗೆಯನ್ನು!

ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಬೇಗ ದಾಟಿಹೋಗುತ್ತವೆ. ಕಾಪುವಿನಲ್ಲಿ ಇಳಿಯಬೇಕು. ಬಂಡೆಯ ಮೇಲಿನ 1901ರ ದೀಪಸ್ತಂಭದ ತುದಿಯಿಂದ ಕಾಣುವಷ್ಟು ಕಡಲೂ ಆಳವಿಲ್ಲದ್ದೇ. ದಡದ ಮಾಪಕಕ್ಕೆ ಅಲೆ ತಾಗಿದ ಮೇಲೆ ಆ ದಡದವರಿಗೆ ಓಡಲು ಹೊತ್ತಿರುವುದಿಲ್ಲ, ಹಾಗಾಗಿ ಕಾವಲು ಈ ದಿಗಂತದಾಚೆಗೆ, ಕಿಲೋಮೀಟರುಗಟ್ಟಲೆ ಆಳದ ತಳದಲ್ಲಿದೆ. ಅಲ್ಲಿ ಕುಳಿತ ಒತ್ತಡಮಾಪಕ ತನ್ನ ಮೇಲಿನ ನೀರಿನ ಭಾರವನ್ನು ತೂಗುತ್ತಿರುತ್ತದೆ. ಬಿರುಗಾಳಿಯ ಅಲೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ; ಸುನಾಮಿಯಲ್ಲಿ ತಳದವರೆಗಿನ ನೀರೆಲ್ಲ ಕದಲುತ್ತದೆ. ನಿರೀಕ್ಷೆಗಿಂತ ಮೂರು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಂಡರೂ ಸಾಕು, ಯಂತ್ರ ತುರ್ತು ಸ್ಥಿತಿಗೆ ಹೊರಳಿ ಬಿಡುವಿಲ್ಲದೆ ಅಳೆಯತೊಡಗುತ್ತದೆ. ನೀರಿನಲ್ಲಿ ರೇಡಿಯೊ ಸಾಗದು, ಹಾಗಾಗಿ ಸುದ್ದಿ ಶಬ್ದದ ರೂಪದಲ್ಲಿ ಮೇಲಿನ ತೇಲುಬುರುಡೆಗೆ ಏರಿ, ಅಲ್ಲಿಂದ ಉಪಗ್ರಹ ಹಿಡಿದು ಹೈದರಾಬಾದ್ ತಲುಪುತ್ತದೆ. 2004ರ ಡಿಸೆಂಬರ್ 26ರ ದುರಂತದ ನಂತರ, 2007ರಲ್ಲಿ, ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು ಅಲ್ಲೇ, ಸಾಗರ ಮಾಹಿತಿ ಕೊಡುವ ರಾಷ್ಟ್ರೀಯ ಸಂಸ್ಥೆ ಇನ್‌ಕಾಯ್ಸ್‌ನಲ್ಲಿ.

ಮೊದಲ ಸುಳಿವು ಮಾತ್ರ ಭೂಕಂಪಮಾಪಕದ್ದು. ಕಂಪನ ಅಲೆಗಿಂತ ಹತ್ತಾರು ಪಟ್ಟು ವೇಗವಾಗಿ ಬರುತ್ತದೆ. ಆದರೆ ಕಂಪನ ದೊಡ್ಡದಾದ ಮಾತ್ರಕ್ಕೆ ಸುನಾಮಿ ದೊಡ್ಡದಾಗಬೇಕಿಲ್ಲ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6ರ ಭೂಕಂಪವಾಯಿತು, ಶಿಲೆಗಳು ಪಕ್ಕಕ್ಕೆ ಸರಿದವೇ ಹೊರತು ತಳ ಹೆಚ್ಚು ಮೇಲೇಳಲಿಲ್ಲ, ಅಲೆಯೂ ಸಣ್ಣದಾಯಿತು. ಅದನ್ನು ಖಚಿತಪಡಿಸಲೆಂದೇ ತಳದ ಮಾಪಕ ಬೇಕು.

ನಮ್ಮ ಕರಾವಳಿಗೆ ಎದುರಿನ ಆತಂಕ ಮಕ್ರಾನ್, ಅಂದರೆ ಪಾಕಿಸ್ತಾನ–ಇರಾನ್ ತೀರ. 1945ರ ನವೆಂಬರಿನಲ್ಲಿ ಅಲ್ಲಿ ಸುನಾಮಿ ಎದ್ದಿತ್ತು. ಮಂಗಳೂರಿಗೆ ನೇರ ದೂರ ಸುಮಾರು 1,800 ಕಿ.ಮೀ. ಮೂರು ಸಾವಿರ ಮೀಟರ್ ಆಳದಲ್ಲಿ ಅಲೆ ಗಂಟೆಗೆ 600 ಕಿ.ಮೀ.ಗೂ ಮಿಗಿಲಾಗಿ ಓಡುತ್ತದೆ. 10 ಮೀಟರ್ ಆಳದಲ್ಲಿ ಸುಮಾರು 36. ವೇಗ ಕುಗ್ಗಿದಂತೆ ಎತ್ತರ ಹಿಗ್ಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಮೂರು ಗಂಟೆಗೂ ಹೆಚ್ಚು ಹೊತ್ತು ಸಿಗುತ್ತದೆ.

ಮಲ್ಪೆಯ ದಕ್ಕೆಯಲ್ಲಿ ಒತ್ತಾಗಿ ನಿಂತ ಬೋಟುಗಳನ್ನು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಸುನಾಮಿಯಲ್ಲಿ ಬಂದರೇ ಅಪಾಯದ ಜಾಗ: ಹಗ್ಗ ಹರಿದ ಬೋಟುಗಳು ಒಂದನ್ನೊಂದು ಗುದ್ದಿ ಒಡೆಯುತ್ತವೆ. ಆಳದಲ್ಲಿ ಮೀನು ಹಿಡಿಯುತ್ತಿರುವವರು ಸಂದೇಶ ಬಂದರೆ ದಡಕ್ಕೆ ಧಾವಿಸಬಾರದು, 50 ಮಾರಿಗಿಂತ (ಸುಮಾರು 90 ಮೀಟರ್) ಆಳದ ನೀರಿಗೇ ಹೋಗಬೇಕು. ಅಲ್ಲಿ ಅಲೆ ದಾಟಿದ್ದು ಗೊತ್ತೂ ಆಗದಿರಬಹುದು. ಇನ್ನು ತೇಲುಬುರುಡೆಗಳ ನೆರಳಿಗೆ ಮೀನು ಸೇರುತ್ತದೆ. ಮೀನಿನ ಹಿಂದೆ ಬಂದ ಬೋಟು ಬುರುಡೆಗೇ ಹಗ್ಗ ಕಟ್ಟಿದರೆ, ಬಲೆ ಸಿಕ್ಕಿ ಲಂಗರು ಎಳೆದರೆ, ತಳದ ಮಾಪಕದ ಬಾಯಿ ಕಟ್ಟಿದಂತೆಯೇ.

ಹೂಡೆ ದಾಟಿ ಕೋಡಿ ಬೆಂಗ್ರೆಗೆ ಬಂದಾಗ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗು, ಮನೆ. ತುದಿಯಲ್ಲಿ ಅಳಿವೆ. ಹೈದರಾಬಾದಿನಿಂದ ಮೊದಲ ಪ್ರಕಟಣೆ ಹೊರಡಲು ಹತ್ತು ನಿಮಿಷದಷ್ಟು ಸಾಕು. ಎರಡು ಮೀಟರಿಗಿಂತ ದೊಡ್ಡ ಅಲೆ ನಿರೀಕ್ಷೆಯಿದ್ದರೆ ‘ವಾರ್ನಿಂಗ್’, ಅರ್ಧದಿಂದ ಎರಡು ಮೀಟರಿಗೆ ‘ಅಲರ್ಟ್’, ಅದಕ್ಕೂ ಕಡಿಮೆಗೆ ‘ವಾಚ್’. ಜಿಲ್ಲಾಡಳಿತ, ಪೊಲೀಸ್, ಪಂಚಾಯತ್, ದೇವಸ್ಥಾನ–ಮಸೀದಿಯ ಮೈಕ್, ಮೊಬೈಲಿನ ಕಿರುಚು. 2023ರ ಅಕ್ಟೋಬರಿನಲ್ಲಿ ಪ್ರಯೋಗಕ್ಕೆಂದು ಫೋನುಗಳೆಲ್ಲ ಒಮ್ಮೆಗೇ ಬೊಬ್ಬಿಟ್ಟದ್ದು ನೆನಪಿರಬಹುದು; ಆಫ್ ಆದ ಫೋನಿಗೆ ಅದೂ ಬಾರದು.

ಸುದ್ದಿ ಬಂದರೂ ಕಡಲು–ಹೊಳೆಗಳ ನಡುವಿನ ಈ ನೆಲದ ಪಟ್ಟಿಯಿಂದ ಹೋಗುವುದೆಲ್ಲಿಗೆ? ಹೊತ್ತಿದ್ದರೆ ತೆಂಕಿಗೆ ಹೂಡೆಯತ್ತ ಹೊರಟು, ಅಲ್ಲಿಂದ ಒಳನಾಡಿನ ಎತ್ತರಕ್ಕೆ. ಎಲ್ಲರೂ ಕಾರು ತೆಗೆದರೆ ಕಿರಿದಾದ ದಾರಿ ಕಟ್ಟಿಹೋಗುತ್ತದೆ, ನಡೆದವರೇ ಮೊದಲು ತಲುಪುತ್ತಾರೆ. ಹೊತ್ತಿಲ್ಲದಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿಯಾದರೂ ಬೇಕು, ಹೆಂಚಿನ ಮನೆಯ ಅಟ್ಟ ಸಾಲದು. ಹಂಗಾರಕಟ್ಟೆ ಎದುರಿಗೇ ಕಾಣುತ್ತದೆಂದು ದೋಣಿ ಹತ್ತುವುದಂತೂ ಬೇಡ. ಸುನಾಮಿಯ ನೀರು ಅಳಿವೆಯಿಂದಲೇ ಒಳನುಗ್ಗುತ್ತದೆ. ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ. ನೀರು ಇಳಿಯಿತೆಂದು ಹಿಂದಿರುಗುವುದಲ್ಲ, ಅಪಾಯ ಕಳೆಯಿತೆಂಬ ಪ್ರಕಟಣೆ ಬರುವತನಕ, ಗಂಟೆಗಟ್ಟಲೆಯಾದರೂ, ಮೇಲೆಯೇ ಇರಬೇಕು.