ಮೊದಲು ಬರುವುದು ನಡಿಗೆ

‘ಸರ್, ಕವಿತೆಗೆ ಸ್ಫೂರ್ತಿ ಎಲ್ಲಿಂದ ಬರ್ತದರೀ?’ ಎಂದು ಯಾರಾದರೂ ಕೇಳಿದರೆ ನಮ್ಮ ಕಾಲೇಜಿನ ಕನ್ನಡ ಗುರುಗಳು ಬೀಸುಕಲ್ಲಿನಿಂದ ಪಾಠ ಶುರು ಮಾಡುತ್ತಿದ್ದರು. ಈಗ ಬರೆಯಲು ಕೂತಿರುವ ತಮ್ಮ-ತಂಗಿಯರಿಗೆ ಅದನ್ನೇ ಒಪ್ಪಿಸುತ್ತಿದ್ದೇನೆ.

ಬೀಸುವ ಪದ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ (ಅಕ್ಷರಗಳ ಗುಂಪು), ಮೂರನೆಯದಕ್ಕೆ ಮೂರು, ಒಟ್ಟು 11. 6ನೆಯದೂ 10ನೆಯದೂ ಗಿಡ್ಡ, ಅಂದರೆ ಬ್ರಹ್ಮಗಣ, ಉಳಿದವು ವಿಷ್ಣುಗಣ. ಗಿಡ್ಡ ಗಣ ಬಂದಲ್ಲಿ ಧಾಟಿ ತುಸು ತಡೆದು ಮುಂದೆ ಸಾಗುತ್ತದೆ. ಕಲ್ಲು ತಿರುಗತೊಡಗಿದಾಗಲೇ ತೋಳಿಗೆ ಲಯ ಸಿಕ್ಕಿರುತ್ತದೆ. ತವರು, ಕೂಸು, ಮಳೆ ಆಮೇಲೆ ಬಂದು ಅದರೊಳಗೆ ಕೂರುತ್ತವೆ. ಸ್ಫೂರ್ತಿ ಬಹಳ ಸಲ ಹೀಗೆಯೇ, ಅರ್ಥಕ್ಕಿಂತ ಮೊದಲು ನಡಿಗೆಯಾಗಿ ಬರುತ್ತದೆ.

ಗದುಗಿನ ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಬೆರಳು ಮಡಚುತ್ತ ಓದಿ. 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ (ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಹೊತ್ತು ಒಂದು ಮಾತ್ರೆ). 3 ಮತ್ತು 6ರಲ್ಲಿ ಅದೇ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಸೇರಿ 23. ದಿನವೂ ಓದಿದರೆ ಆಡುವ ಮಾತೂ ಅದೇ ಅಳತೆಗೆ ಬೀಳತೊಡಗುತ್ತದೆ. ಅಪಾಯ ಇರುವುದೂ ಅಲ್ಲೇ. ಮಾತ್ರೆ ಸಾಲದ ಕಡೆ ‘ತಾ’, ‘ತಾನು’ ತುರುಕುವ ಚಾಳಿ ಹತ್ತುತ್ತದೆ. ತುರುಕಿದ್ದು ಕಣ್ಣಿಗೆ ಕಾಣದು, ಕಿವಿಗೆ ಚುಚ್ಚುತ್ತದೆ; ಆದ್ದರಿಂದ ಬಾಯಿಬಿಟ್ಟೇ ಓದಬೇಕು.

ವಸ್ತುವಿಗಾಗಿ ದೂರ ಹೋಗಬೇಕಿಲ್ಲ. ಶಿಶುನಾಳದ ಶರೀಫರಿಗೆ (1819–1889) ಸೋರುವ ಮಾಳಿಗೆ ಸಾಕಾಯಿತು. ಹುಲ್ಲು ಬೇರುಬಿಟ್ಟರೆ, ಇಲಿ ತೋಡಿದರೆ ಮಣ್ಣಿನ ಮಾಳಿಗೆ ಸೋರುತ್ತದೆಂದು ಹಾವೇರಿ ಸೀಮೆಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆ ಇರುವುದರಿಂದಲೇ ಪದ ತತ್ತ್ವದತ್ತ ತಿರುಗಿದಾಗ ಕೇಳುವವರು ಕೈಬಿಡುವುದಿಲ್ಲ. ‘ಪ್ರಕೃತಿ’, ‘ತಾಯಿ’ ಎಂದು ವಿಷಯ ಆರಿಸಿಕೊಂಡು ಕೂತವರಿಗೆ ಮಾತ್ರ ಕವಿತೆಯ ಬದಲು ಭಾಷಣ ಬರುತ್ತದೆ. ವಿಷಯದ ಹಿಂದೆಯೇ ಇನ್ನೊಬ್ಬರು ಬಳಸಿ ಸವೆಸಿದ ಪದಗಳೂ ಬಂದುಬಿಡುತ್ತವೆ.

ಕೇಳಿದ ಮಾತನ್ನು ಕೇಳಿದ ಹಾಗೇ ಅಂದೇ ಬರೆದಿಡಿ. ‘ಜಿಟಿಜಿಟಿ ಮಳಿ ಹಿಡದೈತಿ’ ಎಂಬುದನ್ನು ‘ವರ್ಷಧಾರೆ’ ಮಾಡಿದರೆ ಮಳೆಯ ಸದ್ದೇ ಅಡಗುತ್ತದೆ. ಬೇಂದ್ರೆಯವರು ಧಾರವಾಡದ ಆಡುಮಾತನ್ನು ತಿದ್ದಲು ಹೋಗಲಿಲ್ಲ, ಅದರ ಏರಿಳಿತವನ್ನೇ ಹಾಡಾಗಿಸಿದರು. ಬರೆದದ್ದನ್ನು ಎಂಟು ದಿನ ಮುಚ್ಚಿಟ್ಟು ತೆಗೆಯಿರಿ. ಹೆಚ್ಚಾಗಿ ಮೊದಲ ಎರಡು ಸಾಲು ಬರೀ ಪೀಠಿಕೆ. ಹೊಡೆದುಹಾಕಿದರೆ ಮೂರನೆಯದು ಎದ್ದು ನಿಲ್ಲುತ್ತದೆ.

ಶ್ರಾವಣದಲ್ಲಿ ಗುರುಗಳು ತರಗತಿಯನ್ನೇ ಧಾರವಾಡದ ಸಾಧನಕೇರಿ ಕೆರೆಯ ದಂಡೆಗೆ ಒಯ್ಯುತ್ತಿದ್ದರು. ಹತ್ತು ನಿಮಿಷ ಕಣ್ಣು ಮುಚ್ಚಬೇಕು, ಆಮೇಲೆ ಕೇಳಿದ್ದನ್ನಷ್ಟೇ ಬರೆಯಬೇಕು. ಒಂದು ಷರತ್ತಿತ್ತು: ‘ಹಾಂಗ’, ‘ಹೀಂಗ’ ಎಂಬ ಹೋಲಿಕೆ ಒಂದೂ ಇರಕೂಡದು.