ಐಡಿಯಾ ಎಲ್ಲಿಂದ ತರ್ತೀರಿ ಅಕ್ಕಾರ?

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಹಿಂದಿನ ಓಣಿಯಲ್ಲಿ, ಒಂದು ಮಹಡಿ ಮೇಲೆ ನನ್ನ ಆಫೀಸಿದೆ. ಲೋಗೋ, ಪ್ಯಾಕೆಟ್ಟು, ಅಂಗಡಿ ಬೋರ್ಡು, ಜಾಹೀರಾತು, ನೆಂಟರ ಕಾಟಕ್ಕೆ ಆಗೊಂದು ಈಗೊಂದು ಲಗ್ನಪತ್ರಿಕೆ. ಹದಿನಾರು ವರ್ಷದಿಂದ ಇದೇ ಕೆಲಸ. ಹೋದಲ್ಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: "ಇಂಥಾ ಐಡಿಯಾ ಎಲ್ಲಿಂದ ತರ್ತೀರಿ ಅಕ್ಕಾರ?" ಕಾಲೇಜಿನ ಹುಡುಗರು ನಿಜವಾಗಿ ತಿಳಿಯಬೇಕೆಂದು ಕೇಳುತ್ತಾರೆ. ಗಿರಾಕಿಗಳು ಕೇಳಿದರೆ ಅದರ ಅರ್ಥ ಬೇರೆ. ಕೂತಲ್ಲೇ ಹೊಳೆಯೋದಾದ್ರೆ ಇಷ್ಟೊಂದು ರೊಕ್ಕ ಯಾಕೆ ಅಂತ.

ಮೊದಲೆಲ್ಲ ನಕ್ಕು "ಹಂಗ ಬರ್ತಾವ್ರಿ" ಅಂತಿದ್ದೆ. ಅದು ಸುಳ್ಳು. ಕಿಟಕಿ ಪಕ್ಕ ಚಹಾ ಹಿಡಿದು ಕೂತರೆ ನನಗೆ ಬರುವುದು ನಿದ್ದೆ. "ನಿಮಗ ಹೆಂಗ ಬೇಕೋ ಹಂಗ ಮಾಡ್ರಿ" ಅನ್ನುವ ಗಿರಾಕಿ ಬಂದ ದಿನವಂತೂ ಎದೆ ಡವಗುಟ್ಟುತ್ತದೆ. ಏನಾದರೂ ಹೊಳೆಯುವುದು ಯಾರಾದರೂ ಎದುರು ನಿಂತು "ಇದು ಆಗೂದಿಲ್ರಿ" ಅಂದಾಗ. ಯಾಕೆ ಆಗೂದಿಲ್ಲ ಅಂತ ಕೇಳುತ್ತ ಹೋಗ್ತೀನಿ. ಅಲ್ಲೆಲ್ಲೋ ಸಿಗುತ್ತದೆ.

ಇದನ್ನು ನಾನು ಮೊದಲು ನೋಡಿದ್ದು ಗದಗದಲ್ಲಿ. ಗದಗ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಹೆಸರಾದ ಊರು. ಅಲ್ಲಿ ಒಂದು ಸಣ್ಣ ಪ್ರೆಸ್ಸಿನಲ್ಲಿ ನನ್ನ ಸೋದರಮಾವ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರ, ಮರದ ಖಾನೆ, ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್. ಬೇಸಿಗೆ ರಜೆಯಲ್ಲಿ ನಾನು ಅವರ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಒಂದು ದಿನ ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು ಬಂತು. ಕೆಳಗೆ ದಪ್ಪಕ್ಷರದಲ್ಲಿ "ತಪ್ಪದೇ ಬನ್ನಿರಿ" ಅಂತ ಬರಬೇಕು. ಆದರೆ ದಪ್ಪ ಮೊಳೆಯಲ್ಲಿ ಇದ್ದ ನಕಾರದ ಒತ್ತೆಲ್ಲ ನಾಟಕದ ಹೆಸರಿಗೇ ಖರ್ಚಾಗಿತ್ತು. ಹೊಸ ಮೊಳೆ ಬರುವ ತನಕ ಕಂಪನಿಯವರು ಕಾಯುತ್ತಾರೆಯೇ? ಮಾವ ಖಾನೆಯನ್ನು ಒಂದು ಸಲ ನೋಡಿದರು, ಆಮೇಲೆ "ಬರ್ರಿ!" ಅಂತ ಜೋಡಿಸಿ ಮುಗಿಸಿದರು.

ಮಾಲೀಕರು ಬೈಯಬಹುದು ಅಂತ ನಾನು ಕಾದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿ, "ಹೌದಲೇ, ನಾವೇನು ಬನ್ನಿರಿ ಅಂತ ಕರೀತೀವೇನು?" ಅಂದರು. ಆಮೇಲೆ ಅವರ ಪ್ರತಿ ಹ್ಯಾಂಡ್‌ಬಿಲ್ಲಿನಲ್ಲೂ "ಬರ್ರಿ!" ಇರುತ್ತಿತ್ತು. ಜಾಹೀರಾತಿನ ಮಾತು ಬರೆಯುವುದಕ್ಕೆ ಕಾಪಿರೈಟಿಂಗ್ ಅಂತಾರೆ, ಮಾವನಿಗೆ ಆ ಪದವೇ ಗೊತ್ತಿರಲಿಲ್ಲ. ಒತ್ತು ಸಾಲಲಿಲ್ಲ, ಅಷ್ಟೇ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಕಂಡಾಗಲೆಲ್ಲ ಮಾವ ನೆನಪಾಗುತ್ತಾರೆ. 2018ರಲ್ಲಿ ಅದು ಓಡಲು ಶುರುವಾದಾಗ, ಸಾರಿಗೆ ಯೋಜನೆಯ ಆ ಉದ್ದನೆಯ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಚಿಗರಿ ನಿಂತಿತು. ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಲ್ಲಿ ಅವು ನೆಗೆಯುವುದನ್ನು ನೋಡಿದವರಿಗೆ ಆ ಬಸ್ಸಿಗೆ ಬೇರೆ ಜಾಹೀರಾತು ಬೇಕಿಲ್ಲ. ಆ ಹೆಸರಿಟ್ಟವರು ಸಿಕ್ಕರೆ ಧಾರವಾಡದ ಲೈನ್ ಬಜಾರಿನ ಸಾಲಿನಲ್ಲಿ ನಾನೇ ನಿಂತು ಒಂದು ಕಿಲೋ ಪೇಢೆ ಕೊಡಿಸ್ತೀನಿ.

ಇನ್ನು ನನ್ನ ಕೆಲಸದ ಕಥೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಚೀಲದ ಮೇಲೆ ಹಾಕಲು ಗುರುತು ಬೇಕೆಂದು ಬಂದರು. ನಾನು ವಾರಗಟ್ಟಲೆ ಕೂತು ಥಳಥಳ ಹೊಳೆಯುವ ಕೆಂಪು ಮೆಣಸಿನಕಾಯಿ ಬರೆದೆ. ನಾಲ್ಕು ಬಣ್ಣ, ನೆರಳು, ಮೇಲೆ ಒಂದು ಬೆಳಕಿನ ಮಿಂಚು. ಲ್ಯಾಪ್‌ಟಾಪಿನಲ್ಲಿ ಏನು ಚೆಂದ ಕಾಣುತ್ತಿತ್ತು ಅಂತೀರಿ! ಅವರು ನೋಡಿ, "ಮೇಡಂ, ಇದು ಗೋಣಿಚೀಲರೀ. ಒಂದ ಬಣ್ಣ ಕೂಡ್ತೈತಿ. ಸಣ್ಣ ಗೆರಿ ಹಾಕಿದ್ರ ಒಡದು ಹೋಕ್ಕೈತಿ" ಅಂದರು.

ಸಿಟ್ಟು ಬಂತು. ಮರುದಿನ ಬಸ್ ಹತ್ತಿ ಅವರ ಅಂಗಡಿಗೇ ಹೋದೆ. ಹೋಗಿದ್ದು ಒಳ್ಳೆಯದಾಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕೆಂಪು. ನೆಲ, ಗೋಡೆ, ಹಮಾಲರ ಅಂಗಿ, ಎಲ್ಲ. ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿದರೆ ಯಾರಿಗೆ ಕಾಣಬೇಕು? ಕೆಮ್ಮುತ್ತ, ಮೂಗಿಗೆ ಸೆರಗು ಹಿಡಿದು, ಒಂದು ಕಡ್ಡಿ ಮೆಣಸಿನಕಾಯಿ ಕೈಗೆತ್ತಿಕೊಂಡೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಡಬ್ಬಿ ಅನ್ನುವ ತಳಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಒಣಗಿದಾಗ ಕಡ್ಡಿಯ ಮೈತುಂಬ ಸುಕ್ಕು. ವ್ಯಾಪಾರಿ ನನಗೆ ತೋರಿಸಿದ್ದು ಆ ಸುಕ್ಕನ್ನೇ. "ಇದನ್ನ ನೋಡಿ ನಮ್ಮ ಮಾಲು ಗುರುತು ಹಿಡೀತಾರ್ರಿ."

ಹಾಗಾಗಿ ಕೊನೆಗೆ ಉಳಿದದ್ದು ಮೂರು ದಪ್ಪ ಬಾಗಿದ ಗೆರೆ. ಅದು ಸುಕ್ಕು, ಅಷ್ಟೇ. ಮೆಣಸಿನಕಾಯಿ ಚಿತ್ರವೇ ಇಲ್ಲ. ಬಣ್ಣ ಕಡುನೀಲಿ. ಆ ಕೆಂಪು ರಾಶಿಯಲ್ಲಿ ಇಪ್ಪತ್ತು ಹೆಜ್ಜೆ ದೂರದಿಂದ ಕಾಣುತ್ತದೆ. ನನ್ನ ಥಳಥಳ ಮೆಣಸಿನಕಾಯಿ ಇನ್ನೂ ಲ್ಯಾಪ್‌ಟಾಪಿನಲ್ಲೇ ಬಿದ್ದಿದೆ.

ಡಿಸೈನಿನ ಚಿತ್ರಗಳು ರಾಶಿ ರಾಶಿ ಸಿಗುವ ಪಿಂಟರೆಸ್ಟ್ ನೋಡಲ್ವಾ ಅಂತ ಕೇಳ್ತೀರಿ. ನೋಡ್ತೀನಿ. ಆದರೆ ಕೆಲಸ ಬಂದ ಮೊದಲ ಎರಡು ದಿನ ಮುಟ್ಟಲ್ಲ. ಶುರುವಿನ ವರ್ಷ ಒಂದು ಬೇಕರಿಗೆ ಲೋಗೋ ಮಾಡಿದ್ದೆ. ಚಹಾ ಕಪ್ಪಿನಿಂದ ಏಳುವ ಹಬೆ, ಆ ಹಬೆಯೇ ಎಲೆ. ತಿಂಗಳಾಗುವಷ್ಟರಲ್ಲಿ ಮಾಲೀಕರ ಮಗ ಪುಣೆಯಿಂದ ಒಂದು ಫೋಟೋ ಕಳಿಸಿದ. ಅಲ್ಲಿನ ಚಹಾ ಅಂಗಡಿಯ ಬೋರ್ಡಿನಲ್ಲಿ ಅದೇ ಕಪ್ಪು, ಅದೇ ಎಲೆ. ಬೇಕಂತ ಕದ್ದಿರಲಿಲ್ಲ. ನೂರಾರು ಚಿತ್ರ ನೋಡಿದ ಕಣ್ಣು ಕೈಗೆ ಹೇಳದೇ ಕದ್ದಿತ್ತು. ಬೋರ್ಡಿನ ಖರ್ಚು ನಾನೇ ಹಾಕಿ ಬದಲಿಸಿಕೊಟ್ಟೆ.

ಹುಡುಗರು ನ್ಯೂಯಾರ್ಕಿನ ಕಥೆ ಹೇಳುತ್ತಾರೆ. ಮಿಲ್ಟನ್ ಗ್ಲೇಸರ್ ಎಂಬ ಡಿಸೈನರ್ ಟ್ಯಾಕ್ಸಿಯಲ್ಲಿ ಕೂತು, ಒಂದು ಲಕೋಟೆಯ ಮೇಲೆ ಕೆಂಪು ಕ್ರೇಯಾನಿನಲ್ಲಿ "ಐ ಲವ್ ನ್ಯೂಯಾರ್ಕ್" ಅನ್ನುವ ಆ ಹೃದಯದ ಗುರುತು ಗೀಚಿದರಂತೆ, ಅಂದರೆ ಟ್ಯಾಕ್ಸಿಯಲ್ಲೇ ಹೊಳೆಯಿತಲ್ಲ ಅಂತ. ಗೀಚಿದ್ದು ನಿಜ. ಆದರೆ ಅದಕ್ಕೂ ಮೊದಲು ಅವರು ಅದೇ ಕೆಲಸಕ್ಕೆ ಬೇರೊಂದು ಡಿಸೈನ್ ಮಾಡಿ, ಅದು ಒಪ್ಪಿಗೆಯೂ ಆಗಿತ್ತು. ಒಪ್ಪಿದ ಮೇಲೂ ತಲೆಯಿಂದ ಇಳಿದಿರಲಿಲ್ಲ. ಟ್ಯಾಕ್ಸಿಯ ಮಾತು ಎಲ್ಲರೂ ಆಡುತ್ತಾರೆ, ಈ ಅರ್ಧ ಬಿಟ್ಟುಬಿಡುತ್ತಾರೆ.

ನನ್ನ ನಿಜವಾದ ಡಿಸೈನ್ ಪಾಠ ಆಗಿದ್ದು ಅಜ್ಜಿಯ ಹತ್ತಿರ. ಧಾರವಾಡದ ಮನೆಯಲ್ಲಿ ಅವಳು ಕಸೂತಿ ಹಾಕುತ್ತಿದ್ದಳು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸುತ್ತ ಹೋಗಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಹೋಗಿ, ಬಿಟ್ಟ ಜಾಗ ತುಂಬುತ್ತ ವಾಪಸ್ ಬರುತ್ತದೆ. ಸೀರೆ ತಿರುಗಿಸಿದರೂ ಅದೇ ಗೆರೆ. ಗುಂಡಗಿನ ಗೆರೆ ಬರುವುದೇ ಇಲ್ಲ, ಎಲ್ಲ ನೆಟ್ಟಗೆ ಇಲ್ಲವೇ ಓರೆ. ಹಾಗಾಗಿ ಕಸೂತಿಯ ಗಿಳಿ ಮರದ ಮೇಲಿನ ಗಿಳಿಯ ಹಾಗೆ ಇರುವುದೇ ಇಲ್ಲ. ಆದರೂ ಅದನ್ನು ನೋಡಿ ಕಾಗೆ ಅಂದವರುಂಟೇ?

ಒಮ್ಮೆ ನಾನು ಗಿಳಿಯ ಹೊಟ್ಟೆ ಗುಂಡಗೆ ಮಾಡಲು ಹೋದೆ. "ಎಳಿ ಎಣಸವ್ವಾ. ಗಿಳಿ ತಾನ ಬರ್ತೈತಿ" ಅಂದಳು ಅಜ್ಜಿ. ಈಗ ಮೊಬೈಲ್ ಆಪ್‌ನ ಗುರುತು ಬರೆಯುವಾಗ ಹದಿನಾರು ಚೌಕ ಉದ್ದ, ಹದಿನಾರು ಚೌಕ ಅಗಲದ ಜಾಗದಲ್ಲಿ ಗುದ್ದಾಡುತ್ತಿರುತ್ತೇನೆ. ಆಗೆಲ್ಲ ಎಣಿಸುವುದು ಅಜ್ಜಿಯ ಎಳೆಯನ್ನೇ.

ಬ್ರ್ಯಾಂಡ್ ಗೈಡ್‌ಲೈನ್, ಅಂದರೆ ಒಂದು ಗುರುತಿನ ಅಳತೆ, ಬಣ್ಣ, ಜಾಗ ಹೀಗೇ ಇರಬೇಕೆನ್ನುವ ನಿಯಮ. ಅದೇನು ಅಂತ ಕೇಳುವ ಹುಡುಗರಿಗೆ ನಾನು ಹುಬ್ಬಳ್ಳಿಯದೇ ಬೆಂಗೇರಿ ಕಡೆ ಕೈ ತೋರಿಸ್ತೀನಿ. ಅಲ್ಲಿನ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಭಾರತೀಯ ಮಾನಕಗಳಲ್ಲಿ 1ನೇ ನಂಬರಿನದು ಧ್ವಜದ್ದೇ. ಒಂಬತ್ತು ಅಳತೆ, ದೊಡ್ಡದು 21 ಅಡಿಗೆ 14 ಅಡಿ, ಚಿಕ್ಕದು 6 ಇಂಚಿಗೆ 4 ಇಂಚು. 24 ಗೆರೆಯ ಚಕ್ರ ಎರಡೂ ಬದಿಯಲ್ಲಿ ಒಂದೇ ಜಾಗಕ್ಕೆ ಕೂಡಬೇಕು. ಅಜ್ಜಿ ನೋಡಿದ್ದರೆ "ಇದೂ ಗವಂತಿನ" ಅಂತಿದ್ದಳು.

ಕನ್ನಡ ಅಕ್ಷರವೂ ಹೀಗೇ ಸತಾಯಿಸುತ್ತದೆ. ಇಂಗ್ಲಿಷ್ ಲೋಗೋ ನೋಡಿ ಕಲಿತ ಹುಡುಗರು ಕನ್ನಡವನ್ನು ಡಬ್ಬಿಯೊಳಗೆ ತುಂಬಲು ಹೋಗುತ್ತಾರೆ. ಒತ್ತು ಕೆಳಗೆ ಜಗ್ಗುತ್ತದೆ, ಗುಡಿಸು ಮೇಲೆ ಏಳುತ್ತದೆ. 2024ರಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು ಕಾಯ್ದೆ ತಿದ್ದುಪಡಿಯಾದಾಗ ನಮ್ಮ ಆಫೀಸಿನ ಮೆಟ್ಟಿಲು ಸವೆಯಿತು. ಆಗ ಬಂದ ಒಂದು ಸೀರೆ ಅಂಗಡಿಯ ಹೆಸರಿನಲ್ಲಿ "ವಸ್ತ್ರ" ಅನ್ನುವ ಪದ. ಬೋರ್ಡಿನ ಎತ್ತರ ಒಂದೂವರೆ ಅಡಿ. ಎರಡೆರಡು ಒತ್ತು ಕೂಡಿಸಬೇಕೆಂದರೆ ಮೇಲಿನ ಅಕ್ಷರ ಇರುವೆಯಷ್ಟಾಗುತ್ತದೆ. ಮಾಲೀಕರು ಬೋರ್ಡು ದೊಡ್ಡದು ಮಾಡಲು ಒಪ್ಪಲಿಲ್ಲ, ಮೇಲೆ ಶಟರ್ ಪೆಟ್ಟಿಗೆ ಇತ್ತು.

ಮೂರು ದಿನ ಒದ್ದಾಡಿದೆ. ಆಮೇಲೆ ಒತ್ತುಗಳನ್ನು ಬೋರ್ಡಿನ ಕೆಳಗಂಚು ದಾಟಿಸಿ ಹೊರಗೇ ಬಿಟ್ಟೆ. ಅಕ್ರಿಲಿಕ್ಕಿನಲ್ಲಿ ಕತ್ತರಿಸಿ ತೂಗುಹಾಕಿದ ಎರಡು ಒತ್ತು, ಬಾಗಿಲ ಮೇಲೆ ಇಳಿಬಿದ್ದ ಸೆರಗಿನ ಹಾಗೆ ಕಂಡವು. ಸೆರಗು ಅಂತ ನಾನು ಯೋಚಿಸಿಯೇ ಇರಲಿಲ್ಲ. ಬೋರ್ಡು ಕೂಡಿಸಿದ ದಿನ ಎದುರಿನ ಹೂವಿನ ಅವ್ವ ನೋಡಿ, "ಸೆರಗು ಚಂದ ಬಿಟ್ಟೀರಿ" ಅಂದಳು. ಆಮೇಲೆ ಗಿರಾಕಿಗೆ ಬಿಲ್ಲು ಕೊಡುವಾಗ ಅದು ನನ್ನದೇ ಐಡಿಯಾ ಅಂದುಬಿಟ್ಟೆ. ತಪ್ಪೇ. ಆದರೆ ರೊಕ್ಕ ಬರಬೇಕಿತ್ತಲ್ಲ.

ಕಳೆದ ವಾರ ಒಬ್ಬಳು ಹುಡುಗಿ ಇದೇ ಪ್ರಶ್ನೆ ಮೆಸೇಜು ಮಾಡಿದ್ದಳು. ಬರೆದು ತಿಳಿಸುವುದು ಉದ್ದವಾಗುತ್ತದೆ, ನಾಳೆ ಬಾ ತಂಗಿ, ಒಂದು ಕೆಲಸ ಬಂದಿದೆ ಅಂದೆ. ಗಿರ್ಮಿಟ್ ಮಾರುವ ಅಣ್ಣನ ಗಾಡಿ. ಹೆಸರು ಬೇಕು, ಗುರುತು ಬೇಕು. ಬೋರ್ಡು ಕಟ್ಟಲು ಜಾಗವಿಲ್ಲ. ರಾತ್ರಿ ಗಾಡಿ ಮಡಚಿ ಇಡಬೇಕು. ಕಟ್ಟಿಕೊಡುವುದು ಹಳೇ ಪೇಪರಿನಲ್ಲಿ, ಅದರ ಮೇಲೆ ಏನೂ ಅಚ್ಚು ಹಾಕಲು ಆಗುವುದಿಲ್ಲ. ಮೇಲೆ ಒಂದು ಬಲ್ಬು, ಕೆಳಗೆ ಮಂಡಕ್ಕಿ ಚೀಲ, ಪಕ್ಕದಲ್ಲಿ ಮಿರ್ಚಿ ಕರಿಯುವ ಬಾಣಲೆ. ನನಗಂತೂ ಇನ್ನೂ ಏನೂ ಹೊಳೆದಿಲ್ಲ. ಸಂಜೆ ಆರಕ್ಕೆ ಗಾಡಿ ಹತ್ತಿರ ಇಬ್ಬರೂ ನಿಲ್ಲೋಣ ಅಂತ ಮಾತಾಗಿದೆ.