ಬಲಗೈಗೆ ಬಿಡುವು

ಹಿಂಬದಿಯಲ್ಲಿ ಎರಡು ಗಿಳಿಗಳ ಚಿತ್ರವಿದ್ದ ಆ ಲಾರಿಯನ್ನು ಅಂದು ಬೆಳಿಗ್ಗೆ ನಾನು ಮೂರು ಸಲ ಹಿಂದೆ ಹಾಕಿದೆ. ಒಂದೇ ಲಾರಿಯನ್ನು ಮೂರು ಸಲ ಹಿಂದೆ ಹಾಕಬೇಕಾದರೆ ನಡುವೆ ಎರಡು ಸಲ ಅದು ನನ್ನನ್ನು ದಾಟಿ ಹೋಗಿರಲೇಬೇಕು ಎಂಬ ಸರಳ ಲೆಕ್ಕ ಪೇಠ್ ನಾಕಾ ಬರುವವರೆಗೂ ನನಗೆ ಹೊಳೆದಿರಲಿಲ್ಲ.

ಪುಣೆಯಿಂದ ಗೋವಾಕ್ಕೆ ಹೊರಟಿದ್ದೆ. ಊರು ಧಾರವಾಡ, ಹನ್ನೊಂದು ವರ್ಷದಿಂದ ವಾಸ ಪುಣೆಯ ಕೋಥ್ರೂಡ್. ಬೈಕ್ ಹೊಸದು. ಯಾವ ಕಂಪನಿಯದು ಎಂದು ಹೇಳಿದರೆ ಜಗಳ ಶುರುವಾಗುತ್ತದೆ, ಬೇಡ. ಅದರಲ್ಲಿ ಕ್ರೂಸ್ ಕಂಟ್ರೋಲ್ ಇದೆ ಎಂಬುದಷ್ಟೇ ಇಲ್ಲಿ ಮುಖ್ಯ: ಗುಂಡಿ ಒತ್ತಿದರೆ ಆಗಿನ ವೇಗವನ್ನು ಗಾಡಿ ತಾನೇ ಕಾಯ್ದುಕೊಳ್ಳುತ್ತದೆ. ಹಿಂದೆ ಇದು ಹೋಂಡಾ ಗೋಲ್ಡ್ ವಿಂಗ್‌ನಂಥ ಆನೆಗಾತ್ರದ ಗಾಡಿಗಳ ಆಭರಣವಾಗಿತ್ತು. 2025ರಲ್ಲಿ ಹೀರೋದವರ 125 ಸಿಸಿ ಗ್ಲಾಮರ್ ಎಕ್ಸ್‌ಗೂ ಬಂತು. ನಾನು ಶೋರೂಮಿನಲ್ಲಿ ಬಣ್ಣ ನೋಡುವುದಕ್ಕೆ ಮೊದಲು ಕೇಳಿದ್ದೇ ಆ ಗುಂಡಿ ಎಲ್ಲಿದೆ ಎಂದು.

ಹಾಗೆ ಕೇಳಲು ಕಾರಣವಿತ್ತು. ಹಳೆಯ ಬೈಕಿನಲ್ಲಿ ಐವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗೈಯ ಕಿರುಬೆರಳಿಗೆ ಜೋಮು ಹಿಡಿಯುತ್ತಿತ್ತು. ಅದಕ್ಕೆಂದು ಪುಣೆಯ ಒಂದು ಅಂಗಡಿಯಲ್ಲಿ ಇನ್ನೂರು ರೂಪಾಯಿ ಕೊಟ್ಟು ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ತಂದಿದ್ದೆ. ಹಿಡಿಕೆಗೆ ಸಿಕ್ಕಿಸಿ ಅಂಗೈ ಬುಡದಿಂದ ಒತ್ತಿದರೆ ಸಾಕು, ಬೆರಳು ಬಿಗಿಯದೆಯೇ ಆಕ್ಸಿಲರೇಟರ್ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಅದು ದೇವರು ಕೊಟ್ಟ ವರ. ಎರಡು ವರ್ಷದ ಹಿಂದೆ ಕೊಂಕಣದ ಹೆದ್ದಾರಿಯಲ್ಲಿ, ಚಿಪ್ಳೂಣ ದಾಟಿದ ಮೇಲೆ, ಎಳನೀರು ಕಂಡು ಬೈಕ್ ತಿರುಗಿಸಲು ಹೋದೆ. ಹ್ಯಾಂಡಲ್ ಪೂರ್ತಿ ತಿರುಗಿದೆ, ಬೆರಳುಗಳು ಬ್ರೇಕಿನ ಮೇಲಿವೆ, ಅಂಗೈ ಮಾತ್ರ ತನ್ನ ಪಾಡಿಗೆ ಆ ಪಟ್ಟಿಯನ್ನು ಒತ್ತಿತು. ಗಾಡಿ ನೆಗೆದು ಚರಂಡಿಗೆ ಇಳಿಯಿತು. ಬ್ರೇಕ್ ಲಿವರ್ ಬಾಗಿತು, ಮೊಣಕಾಲಿನ ಗುರುತು ಈಗಲೂ ಇದೆ. ಎಳನೀರಿನವನು ಮೊದಲು ಗಾಡಿ ಎತ್ತಿ, ಆಮೇಲೆ ನನ್ನನ್ನು ಎತ್ತಿದ. ಆ ಪಟ್ಟಿ ಹಾಕಿಕೊಂಡವರು ಇದ್ದರೆ ಒಂದು ಮಾತು: ಊರೊಳಗೆ, ಘಾಟಿನಲ್ಲಿ, ತಿರುಗಿಸುವಾಗ ಅದನ್ನು ಅಂಗೈಗೆ ಸಿಗದಂತೆ ಕೆಳಕ್ಕೆ ಸರಿಸಿ. ಇಲ್ಲವೇ ನನ್ನಂತೆ ಬಿಚ್ಚಿ ಬಿಸಾಡಿ.

ಕ್ರೂಸ್ ಕಂಟ್ರೋಲ್ ಅದಲ್ಲ. ಪಟ್ಟಿ ಹಿಡಿದಿಡುವುದು ಆಕ್ಸಿಲರೇಟರನ್ನು. ಏರು ಬಂದರೆ ಗಾಡಿ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಕ್ರೂಸ್ ಹಿಡಿದಿಡುವುದು ವೇಗವನ್ನು. ಹಿಡಿಕೆಯಿಂದ ಎಂಜಿನ್ನಿಗೆ ಕೇಬಲ್ ಇರುವುದಿಲ್ಲ. ನಾವು ತಿರುಗಿಸಿದ್ದನ್ನು ಸೆನ್ಸರ್ ಓದುತ್ತದೆ, ಗಾಳಿಯ ಬಾಗಿಲನ್ನು ಸಣ್ಣದೊಂದು ಮೋಟರ್ ತೆರೆಯುತ್ತದೆ. ವೇಗ ಒಂದು ಕಿಲೋಮೀಟರ್ ಕುಸಿದರೆ ಕಂಪ್ಯೂಟರ್ ತಾನೇ ಬಾಗಿಲನ್ನು ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತದೆ. ಬ್ರೇಕ್ ಅಥವಾ ಕ್ಲಚ್ ಮುಟ್ಟಿದರೆ, ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ಅಂದು ಬೆಳಿಗ್ಗೆ ಐದಕ್ಕೆ ಹೊರಟವನು ಅದನ್ನು ಮುಟ್ಟಲಿಲ್ಲ. ಹೊಸ ಬೈಕು, ಖಾಲಿ ರಸ್ತೆ, ಕಾತ್ರಜ್ ಸುರಂಗ ದಾಟಿದ ಮೇಲೆ ಮುಖಕ್ಕೆ ಹೊಡೆಯುವ ನವೆಂಬರ್ ಚಳಿ. ಕೈ ತಾನಾಗಿ ತಿರುಗುತ್ತಿತ್ತು. ಮೀಟರ್ 100, 108 ತೋರಿಸುತ್ತಿತ್ತು. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಕೇಂದ್ರ 2018ರಲ್ಲಿ ಇಟ್ಟ ಮಿತಿ 80. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಖಂಬಾಟ್ಕಿ ಘಾಟಿನ ಏರಿನಲ್ಲಿ ಗಿಳಿಗಳ ಲಾರಿ ಮೊದಲು ಕಂಡಿತು. ‘ಶ್ರೀ ಸಿದ್ಧೇಶ್ವರ ಪ್ರಸನ್ನ’, ಕೆಎ 28, ವಿಜಯಪುರದ್ದು. ಕನ್ನಡ ಅಕ್ಷರ ಕಂಡ ಖುಷಿಗೆ ಹಾರ್ನ್ ಹೊಡೆದು ಮುಂದೆ ಹೋದೆ. ಭುಯಿಂಜ್‌ನಲ್ಲಿ ಕಿರುಬೆರಳು ಮಾತು ಕೇಳದಾದಾಗ ನಿಲ್ಲಿಸಿ ಚಹಾ ಕುಡಿದೆ. ಸಾತಾರಾ ದಾಟಿದ ಮೇಲೆ ಷಟ್ಪಥ ಕಾಮಗಾರಿ. ಎಲ್ಲಿ ನೋಡಿದರೂ ಪಕ್ಕದ ರಸ್ತೆಗೆ ಇಳಿಸುವ ಬಾಣದ ಗುರುತು, ಧೂಳು. ಅಲ್ಲಿ ಮತ್ತೆ ಅದೇ ಗಿಳಿಗಳು. ಉಂಬ್ರಜ್‌ನಲ್ಲಿ ಇನ್ನೊಂದು ಚಹಾ. ಕರಾಡ ದಾಟಿದ ಮೇಲೆ ಮೂರನೆಯ ಸಲ. ಪೇಠ್ ನಾಕಾದಲ್ಲಿ ಹೆಲ್ಮೆಟ್ ಕಳಚಿ, ಬಲಗೈ ಕೊಡವುತ್ತಾ ನಿಂತಿದ್ದಾಗ ಲಾರಿ ಬಂದು ಪಕ್ಕದಲ್ಲೇ ನಿಂತಿತು.

ಇಳಿದವರಿಗೆ ಅರವತ್ತರ ಹತ್ತಿರ. ಬಿಳಿ ಟೋಪಿ, ಹಣೆಗೆ ವಿಭೂತಿ. ನನ್ನ ಹೆಲ್ಮೆಟ್ಟಿನ ಮೇಲಿದ್ದ ಹಳದಿ ಕೆಂಪು ಪಟ್ಟಿ ನೋಡಿ ನೇರವಾಗಿ ಕನ್ನಡದಲ್ಲೇ ಕೇಳಿದರು: “ತಮ್ಮಾ, ಕೈಗೆ ಏನಾಗಿದೆ?”

“ಜೋಮು ಹಿಡಿದಿದೆ ಕಾಕಾ.”

“ಹಿಡಿಯದೆ ಏನು ಮಾಡುತ್ತದೆ? ಮೂರು ಸಲ ನನ್ನನ್ನು ದಾಟಿದಿ, ಮೂರು ಸಲವೂ ಬೇರೆ ಬೇರೆ ವೇಗ. ಮೊದಲ ಸಲ ಸಂತೋಷದಲ್ಲಿದ್ದಿ. ಎರಡನೆಯ ಸಲ ಸಿಟ್ಟಿನಲ್ಲಿದ್ದಿ. ಈಗ ಕರಾಡದ ಬಳಿ ದಾಟುವಾಗ ನಿನಗೆ ದಾಟುವ ಮನಸ್ಸೇ ಇರಲಿಲ್ಲ, ಸುಮ್ಮನೆ ದಾಟಿದಿ.”

ನಾನು ನಕ್ಕೆ. ಆದರೆ ಎರಡನೆಯ ಸಲ ನಿಜವಾಗಿಯೂ ಸಿಟ್ಟಿನಲ್ಲಿದ್ದೆ. ಧೂಳಿನಲ್ಲಿ ಒಂದು ಕಾರು ಒತ್ತಿಕೊಂಡು ಬಂದು ನನ್ನನ್ನು ರಸ್ತೆಯ ಅಂಚಿಗೆ ತಳ್ಳಿತ್ತು. ಕನ್ನಡಿಯಲ್ಲಿ ಅರೆಕ್ಷಣ ಕಂಡವನ ಮನಸ್ಸು ಇವರಿಗೆ ಹೇಗೆ ತಿಳಿಯಿತು?

ಅವರ ಊರು ಇಂಡಿ. ಚಾಕಣದಿಂದ ಯಂತ್ರದ ಬಿಡಿಭಾಗ ತುಂಬಿಕೊಂಡು ಹುಬ್ಬಳ್ಳಿಗೆ ಹೊರಟಿದ್ದರು. ಲಾರಿಗೆ ವೇಗ ನಿಯಂತ್ರಕ ಇದೆ, 80 ದಾಟಲು ಬಿಡುವುದಿಲ್ಲ. ಇವರು 80ರ ಗೊಡವೆಗೇ ಹೋಗುವುದಿಲ್ಲ. “ಐವತ್ತೆಂಟು,” ಎಂದರು, ಮಗನ ವಯಸ್ಸು ಹೇಳುವಷ್ಟು ಖಚಿತವಾಗಿ. “ಎಂಜಿನ್ನಿನ ಸುತ್ತು ತೋರಿಸುವ ಮೀಟರಿನಲ್ಲಿ ಹಸಿರು ಪಟ್ಟಿ ಇರುತ್ತದೆ. ಟಾಪ್ ಗೇರಿನಲ್ಲಿ ಮುಳ್ಳು ಅದರ ನಡುವೆ ನಿಂತರೆ ಐವತ್ತೆಂಟು. ಮಾಲೀಕರು ಡೀಸೆಲ್ ಲೆಕ್ಕ ಕೇಳುತ್ತಾರೆ, ಉಳಿಸಿದರೆ ನನಗೂ ಒಂದಿಷ್ಟು ಸಿಗುತ್ತದೆ.”

ಕ್ರೂಸ್ ಗುಂಡಿಯನ್ನು ಅವರಿಗೆ ತೋರಿಸಿದೆ. ಜಾಣತನ ತೋರಿಸುವ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇದನ್ನು ಕಂಡುಹಿಡಿದವನು ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್, ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದವನು ಎಂದೆ. ಅವನ ವಕೀಲ ಕಾರು ಓಡಿಸುವಾಗ ಮಾತಿಗಿಳಿದರೆ ನಿಧಾನ ಮಾಡುತ್ತಿದ್ದ, ಮಾತು ಕೇಳುವಾಗ ವೇಗ ಹೆಚ್ಚಿಸುತ್ತಿದ್ದ. ಪಕ್ಕದಲ್ಲಿ ಕುಳಿತ ಟೀಟರ್‌ಗೆ ಆ ಎಳೆದಾಟ ತಡೆಯಲಾಗಲಿಲ್ಲ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಬಂತು.

ಅವರು ಬಾಯ್ತುಂಬ ನಕ್ಕರು. “ಕಣ್ಣಿಲ್ಲದವನೇ ಕಂಡುಹಿಡಿಯಬೇಕು ಅದನ್ನು. ಓಡಿಸುವವನಿಗೆ ತನ್ನ ವೇಗ ತಿಳಿಯುವುದಿಲ್ಲ ತಮ್ಮಾ. ಪಕ್ಕದಲ್ಲಿ ಮಲಗಿದ ಕ್ಲೀನರ್‌ಗೆ ತಿಳಿಯುತ್ತದೆ. ನನಗೆ ತೂಕಡಿಕೆ ಬಂತೆಂದರೆ ನನಗಿಂತ ಮೊದಲು ಅವನಿಗೆ ಎಚ್ಚರವಾಗುತ್ತದೆ.”

ನನಗೆ ಹೆಂಡತಿಯ ಹೆಲ್ಮೆಟ್ ನೆನಪಾಯಿತು. ಹಿಂದೆ ಕುಳಿತಾಗ ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಎಂದು ಬಡಿಯುತ್ತಿರುತ್ತದೆ. ಮಹಾಬಳೇಶ್ವರಕ್ಕೆ ಹೋದಾಗ ದಾರಿಯುದ್ದಕ್ಕೂ ಬಡಿಯಿತು. “ಸರಿಯಾಗಿ ಕುಳಿತುಕೋ” ಎಂದು ಗದರಿದ್ದೆ. “ನೀವು ಸರಿಯಾಗಿ ಓಡಿಸಿ, ನನ್ನ ತಲೆ ತಾನಾಗಿ ನಿಲ್ಲುತ್ತದೆ” ಎಂದಿದ್ದಳು. ಈ ಸಲ ಅವಳು ಬರಲಿಲ್ಲ. ರಜೆ ಇಲ್ಲ ಎಂದಿದ್ದಳು.

“ಆದರೆ ಕೈಗೆ ಕೆಲಸವಿಲ್ಲದಿದ್ದರೆ ಕಣ್ಣು ಮುಚ್ಚುತ್ತದೆ,” ಎಂದರು ಕಾಕಾ. “ಅದಕ್ಕೇನು ಮಾಡುತ್ತಿ?” ನನ್ನ ಬಳಿ ಉತ್ತರವಿರಲಿಲ್ಲ. ಅವರು ನನ್ನನ್ನು ಲಾರಿಯ ಬಳಿಗೆ ಕರೆದು ಬಾಗಿಲು ತೆರೆದು ಕೆಳಗೆ ನೋಡು ಎಂದರು. ಆಕ್ಸಿಲರೇಟರ್ ಪೆಡಲ್‌ನ ಬುಡದಲ್ಲಿ, ರಬ್ಬರ್ ಮ್ಯಾಟಿನಲ್ಲಿ, ಹಿಮ್ಮಡಿ ಊರಿ ಊರಿ ಬಟ್ಟಲಿನಂಥ ಗುಂಡಿ ಬಿದ್ದಿತ್ತು. ಅಂಚು ನುಣ್ಣಗೆ ಹೊಳೆಯುತ್ತಿತ್ತು, ನಡುವೆ ತಳದ ತಗಡು ಕಾಣುತ್ತಿತ್ತು. “ಆರು ವರ್ಷದ್ದು. ಹಿಮ್ಮಡಿ ಅಲ್ಲಿ ಕೂತರೆ ಪಾದ ತನ್ನ ಜಾಗ ತಾನೇ ನೋಡಿಕೊಳ್ಳುತ್ತದೆ. ಮ್ಯಾಟ್ ಬದಲಿಸು ಎಂದು ಮಾಲೀಕರು ಹೇಳುತ್ತಾರೆ. ಬದಲಿಸಿದರೆ ನನಗೆ ಐವತ್ತೆಂಟು ಸಿಗುವುದಿಲ್ಲ.” ಬೆಕ್ಕಿನ ಮರಿಯನ್ನು ಮುಟ್ಟುವಂತೆ ಆ ಗುಂಡಿಯ ಮೇಲೆ ಬೆರಳಾಡಿಸಿದರು.

ಚಹಾದ ದುಡ್ಡು ನನಗೆ ಕೊಡಲು ಬಿಡಲಿಲ್ಲ.

ಅಲ್ಲಿಂದ ಹೊರಟವನು ಮೀಟರ್ 84 ತೋರಿಸುವಾಗ ಕ್ರೂಸ್ ಗುಂಡಿ ಒತ್ತಿದೆ. ಮೊಬೈಲಿನ ಜಿಪಿಎಸ್ ಆಗ 80 ಹೇಳುತ್ತಿತ್ತು. ಮೀಟರುಗಳು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತವೆ. ಮೊದಲ ಹತ್ತು ಕಿಲೋಮೀಟರ್ ಹಿಂಸೆ. ಎಲ್ಲರೂ ನನ್ನನ್ನು ದಾಟುತ್ತಿದ್ದಾರೆ, ನಾನು ಯಾವುದೋ ಸರದಿಯಲ್ಲಿ ನಿಂತಿದ್ದೇನೆ ಎಂಬ ಭಾವನೆ. ಬಲಗೈ ಸುಮ್ಮನೆ ಹಿಡಿಕೆಯ ಮೇಲೆ ಕುಳಿತಿತ್ತು, ಕೆಲಸ ಕಳೆದುಕೊಂಡ ಗುಮಾಸ್ತನಂತೆ. ಕಿಣಿ ಟೋಲ್ ಬರುವಷ್ಟರಲ್ಲಿ ಎಂಜಿನ್ನಿನ ಸದ್ದು ಒಂದೇ ಶ್ರುತಿಗೆ ಬಂತು. ಏರಿನಲ್ಲಿ ಸದ್ದು ತುಸು ಗಡುಸಾಗುತ್ತದೆ, ವೇಗ ಕದಲುವುದಿಲ್ಲ. ಕಬ್ಬಿನ ಗದ್ದೆಯ ಮೇಲೆ ಹಾರುವ ಬೆಳ್ಳಕ್ಕಿಗಳನ್ನು ನಾನು ಈ ರಸ್ತೆಯಲ್ಲಿ ಹಿಂದೆಂದೂ ನೋಡಿರಲಿಲ್ಲ.

ತಲೆಯಲ್ಲಿ ಲೆಕ್ಕ ಹಾಕಿದೆ. ಪುಣೆಯಿಂದ ಕೊಲ್ಹಾಪುರಕ್ಕೆ ಸುಮಾರು 230 ಕಿಲೋಮೀಟರ್. 100ರಲ್ಲಿ ಎಲ್ಲೂ ನಿಲ್ಲದೆ ಹೋದರೆ 2 ಗಂಟೆ 18 ನಿಮಿಷ, 80ರಲ್ಲಿ 2 ಗಂಟೆ 52 ನಿಮಿಷ. ವ್ಯತ್ಯಾಸ 34 ನಿಮಿಷ. ಅದನ್ನು ನಾನು ಭುಯಿಂಜ್ ಮತ್ತು ಉಂಬ್ರಜ್‌ನಲ್ಲಿ ಕೈ ಕೊಡವುತ್ತಾ ಖರ್ಚು ಮಾಡಿ ಮುಗಿಸಿದ್ದೆ. ಗಾಳಿಯ ಸಾಲ ಬೇರೆ: 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ, ಅದನ್ನು ಸೀಳಲು ಎಂಜಿನ್ ಹೆಚ್ಚುಕಡಿಮೆ ಎರಡು ಪಟ್ಟು ದುಡಿಯಬೇಕು.

ಕೊಲ್ಹಾಪುರದ ಮಿಸಳ್ ತಿಂದೆ. ಜನ ಅದನ್ನು ಅಷ್ಟು ಹೊಗಳುವುದು ಯಾಕೋ ತಿಳಿಯದು, ಖಾರದಲ್ಲಿ ಮಟಕಿಯ ರುಚಿಯೇ ಸತ್ತಿತ್ತು. ಬೆಳಗಾವಿಯಲ್ಲಿ ಹೆದ್ದಾರಿ ಬಿಟ್ಟು ಜಾಂಬೋಟಿಯ ಕಡೆ ತಿರುಗಿದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಹತ್ತು ನಿಮಿಷ ನಿಂತೆ. ಮುಂದೆ ಚೋರ್ಲಾ ಘಾಟ್. ಅಲ್ಲಿ ಕ್ರೂಸ್ ಮುಟ್ಟುವ ಪ್ರಶ್ನೆಯೇ ಇಲ್ಲ, ಆಗಲೂ ಬಲಗೈ ನೋಯಲಿಲ್ಲ. ಗೋವಾದಲ್ಲಿ ಮೂರು ದಿನ ಮೀನು ತಿಂದೆ, ಮಲಗಿದೆ. ಕಡಲ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ.

ಹಿಂದಿರುಗುವಾಗ ಕೊಲ್ಹಾಪುರದವರೆಗೆ ನಿಂತದ್ದು ಬೆಳಗಾವಿಯಲ್ಲಿ ಒಂದೇ ಸಲ. ಹೋಗುವಾಗ ಲೀಟರಿಗೆ 25 ಕಿಲೋಮೀಟರ್ ಕೊಟ್ಟ ಗಾಡಿ ಈಗ 30ರ ಆಸುಪಾಸು ತೋರಿಸುತ್ತಿತ್ತು. ಪುಣೆ ಮುಟ್ಟುವಷ್ಟರಲ್ಲಿ ಮೂರು ಲೀಟರ್ ಉಳಿಯುತ್ತದೆ ಎಂದು, ಇನ್ನೂ ಉಳಿಯದ ಪೆಟ್ರೋಲಿನ ಹಣಕ್ಕೆ ಮುಂಗಡವಾಗಿ ಅರ್ಧ ಕಿಲೋ ಕುಂದಾ ಕೊಂಡು ಟ್ಯಾಂಕಿನ ಮೇಲಿನ ಚೀಲದಲ್ಲಿ ಇಟ್ಟುಕೊಂಡೆ.

ಕೊಲ್ಹಾಪುರದಲ್ಲಿ ಗೆಳೆಯನೊಬ್ಬ ಊಟಕ್ಕೆ ಹಿಡಿದು ಕೂರಿಸಿದ್ದೇ ತಪ್ಪಾಯಿತು. ಕರಾಡ ಹತ್ತಿರವಾಗುವಷ್ಟರಲ್ಲಿ ಕತ್ತಲು. ನವೆಂಬರಿನಲ್ಲಿ ಆ ಭಾಗದಲ್ಲಿ ಕಬ್ಬು ಅರೆಯುವ ಕಾಲ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿದ್ದರೆ ಅದನ್ನೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಡುಕಾಟಿ ಮಲ್ಟಿಸ್ಟ್ರಾಡಾದಂಥ ದುಬಾರಿ ಬೈಕುಗಳಲ್ಲಿ ರಡಾರ್ ಇದೆ, ಮುಂದಿನ ಗಾಡಿ ನೋಡಿ ತಾನೇ ನಿಧಾನವಾಗುತ್ತವೆ. ನನ್ನದಕ್ಕೆ ಕಣ್ಣಿಲ್ಲ. ಹೆದ್ದಾರಿಯ ಎಡಪಥದಲ್ಲಿ ಕತ್ತಲೆಗಿಂತ ಸ್ವಲ್ಪ ದಟ್ಟವಾದ ಕತ್ತಲೆಯೊಂದು ಕಂಡಿತು. ಸೋಗೆ ಅಲ್ಲಾಡಿತು. ಬ್ರೇಕ್ ಒತ್ತಿದೆ. 80ರಲ್ಲಿ ಸೆಕೆಂಡಿಗೆ 22 ಮೀಟರ್, 100ರಲ್ಲಿ 28. ಟ್ರೇಲರಿನ ಕೊನೆಯ ಕಬ್ಬಿಗೂ ನನ್ನ ಮುಂದಿನ ಚಕ್ರಕ್ಕೂ ನಡುವೆ ಉಳಿದ ಜಾಗದಲ್ಲಿ ಒಂದು ಮಂಚ ಹಾಕಬಹುದಿತ್ತು, ಎರಡು ಹಾಕಲು ಆಗುತ್ತಿರಲಿಲ್ಲ. ಟ್ರ್ಯಾಕ್ಟರಿನವನು ಹಾಡು ಹಾಕಿಕೊಂಡಿದ್ದ, ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಮನೆಯವರೆಗೆ ಕ್ರೂಸ್ ಮುಟ್ಟಲಿಲ್ಲ.

ರಾತ್ರಿ ಹನ್ನೊಂದೂವರೆಗೆ ಹೆಂಡತಿ ಕುಂದಾ ಡಬ್ಬಿ ತೆರೆದಳು. ಕುಂದಾ ಅಷ್ಟೂ ಒಂದೇ ಗೋಡೆಗೆ ಒತ್ತಿಕೊಂಡು ಕುಳಿತಿತ್ತು, ಇನ್ನರ್ಧ ಡಬ್ಬಿ ಖಾಲಿ.

“ಇದೇನು, ದಾರಿಯಲ್ಲೇ ಅರ್ಧ ತಿಂದಿರಾ?”

“ಇಲ್ಲ,” ಎಂದೆ. “ಕರಾಡದ ಬಳಿ ಒಂದು ಟ್ರ್ಯಾಕ್ಟರ್ ಇತ್ತು.”